ಒಂದು ವಿಳಾಸದ ಬೆಲೆ ಎಷ್ಟು? ದಲಾಲರಿಂದ ಡೌನ್‌ಲೋಡ್ ತನಕ

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಗಿತ್ತು. ಈ ಸಲ ಆಫೀಸಿನ ಕೆಲಸವೇ ಒಂದು ಇತಿಹಾಸದ ಹುಳವನ್ನು ತಲೆಯೊಳಗೆ ಬಿಟ್ಟಿದೆ. ಸ್ವಲ್ಪ ಉದ್ದವಾಗಿದೆ, ಚಹಾ ಪಕ್ಕದಲ್ಲಿಟ್ಟುಕೊಂಡು ಓದಿ :-)

ಕೆಲಸ ಏನಪ್ಪಾ ಅಂದ್ರೆ, "ಬಿಸಿನೆಸ್ ಕಾಂಟ್ಯಾಕ್ಟ್ ಡೇಟಾ" ಮಾರುವ ಮೂರು ಸೇವೆಗಳನ್ನು ಹೋಲಿಸಿ ವರದಿ ಕೊಡಬೇಕಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೀವು ಒಂದು ಊರು, ಒಂದು ವ್ಯಾಪಾರ ಆರಿಸಿಕೊಳ್ಳುತ್ತೀರಿ. ಕಂಪನಿಯ ಹೆಸರು, ಮಾಲೀಕರ ಹೆಸರು, ಫೋನು, ಇ-ಮೇಲು, ವಿಳಾಸ ಎಲ್ಲಾ ಸಾಲುಸಾಲಾಗಿ ಒಂದು ಫೈಲಿನಲ್ಲಿ ಇಳಿದು ಬರುತ್ತದೆ. ಅದಕ್ಕೆ ಎಕ್ಸ್‌ಪೋರ್ಟ್ ಅಂತ ಹೆಸರು. ಸಾಲಿಗಿಷ್ಟು ಅಂತ ಬಿಲ್. ನಮ್ಮ ಹೋಲಿಕೆಯ ಹಾಳೆಯಲ್ಲಿ ಇದ್ದದ್ದು ಎರಡೇ ಅಂಕಣ: ಗುಣಮಟ್ಟ, ಮತ್ತು ಬಿಲ್ಲಿಂಗ್.

ಪರೀಕ್ಷೆಗೆ ಊರು ಆರಿಸು ಅಂದಾಗ ನಾನು ಸಹಜವಾಗಿ ನಮ್ಮ ಕಡೆಯವೇ ಕೊಟ್ಟೆ: ಆಳಂದ, ಅಫಜಲಪುರ, ಜೇವರ್ಗಿ. ನಮ್ಮ ಊರು ಕೊಳಕೂರ, ಜೇವರ್ಗಿ ತಾಲ್ಲೂಕು. ಬೇಳೆ ಮಿಲ್ಲು, ಅಡತ್ ಅಂಗಡಿ, ಬೀಜ-ಗೊಬ್ಬರದ ಅಂಗಡಿ ಇವುಗಳ ಪಟ್ಟಿ ಬೇಕು ಅಂದೆ. ಬಂದ ಫೈಲು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೇ ಮಿಲ್ಲು ಮೂರು ಸ್ಪೆಲ್ಲಿಂಗಿನಲ್ಲಿ ಮೂರು ಸಲ, ಮೂರು ಬಿಲ್ಲಿನಲ್ಲಿ! ಆಳಂದ ಅಂತ ಹುಡುಕಿದ್ದಕ್ಕೆ ಕೆಲವು ಸಾಲು ಫಿನ್‌ಲೆಂಡಿನಿಂದ ಬಂದಿದ್ದವು. ಫಿನ್‌ಲೆಂಡಿಗೆ ಸೇರಿದ ಸ್ವಾಯತ್ತ ದ್ವೀಪಸಮೂಹವೊಂದರ ಹೆಸರು, ಇಂಗ್ಲಿಷಿನಲ್ಲಿ ಅಕ್ಷರದ ಮೇಲಿನ ಸೊನ್ನೆ ಬಿಟ್ಟು ಬರೆದರೆ, ನಮ್ಮ ಆಳಂದದ್ದೇ ಅಕ್ಷರಗಳು. ಕಂಪ್ಯೂಟರಿಗೆ ತೊಗರಿಯ ಆಳಂದವೂ ಒಂದೇ, ಹಿಮದ ಆಳಂದವೂ ಒಂದೇ.

ಆಗ ಅನಿಸಿದ್ದು: ಈ ಗುಣಮಟ್ಟ-ಬಿಲ್ಲಿನ ಜಗಳ ನಿನ್ನೆ ಮೊನ್ನೆಯದಲ್ಲ. "ಯಾರು ಎಲ್ಲಿ ಏನು ವ್ಯಾಪಾರ ಮಾಡುತ್ತಾರೆ" ಎಂಬ ಮಾಹಿತಿಯನ್ನು ಜನ ಯಾವಾಗಿನಿಂದಲೋ ಮಾರುತ್ತಿದ್ದಾರೆ, ಕೊಳ್ಳುತ್ತಿದ್ದಾರೆ. ಹುಡುಕುತ್ತಾ ಹೋದಂತೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಪಟ್ಟಿಯಲ್ಲಿ ಹೆಸರಿರುವ ಮನುಷ್ಯನಿಗೆ ಆ ಪಟ್ಟಿ ಕಾಣುತ್ತದೆಯೋ ಇಲ್ಲವೋ?

ಪಟ್ಟಿ ಇಲ್ಲದ ಕಾಲದ ಪಟ್ಟಿ

ನಮ್ಮ ಕಡೆ ಮೊದಲ ಕಾಂಟ್ಯಾಕ್ಟ್ ಡೇಟಾಬೇಸ್ ಅಂದ್ರೆ ದಲಾಲ. ಕಲಬುರಗಿಯ ನೆಹರು ಗಂಜಿಗೆ ತೊಗರಿ ತಂದ ರೈತನಿಗೆ ಯಾವ ಖರೀದಿದಾರ ನಂಬಿಕಸ್ಥ ಅಂತ ಗೊತ್ತಿರಲ್ಲ, ಬೇರೆ ಊರಿನ ಖರೀದಿದಾರನಿಗೆ ಯಾರ ಮಾಲು ಚೊಕ್ಕ ಅಂತ ಗೊತ್ತಿರಲ್ಲ. ಇಬ್ಬರನ್ನೂ ಬಲ್ಲವನು ಅಡತಿ ಅಂಗಡಿಯವನು. ಅವನ ಬಿಲ್ಲಿಂಗ್ ಹೇಗೆ? ಹೆಸರು ಹೇಳಿದ್ದಕ್ಕೆ ದುಡ್ಡಿಲ್ಲ. ವ್ಯಾಪಾರ ಕುದುರಿದರೆ ನೂರಕ್ಕೆ ಇಷ್ಟು ಅಂತ ಕಮಿಷನ್. ಕೊಟ್ಟ ಹೆಸರು ಸುಳ್ಳಾದರೆ ಅವನಿಗೂ ಸೊನ್ನೆ. ಅಂದರೆ ಗುಣಮಟ್ಟವೂ ಬಿಲ್ಲೂ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತು.

ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಕಾಕಾ ಒಬ್ಬರಿದ್ದಾರೆ. ಅವರಿಗೆ ಈ ಎಕ್ಸ್‌ಪೋರ್ಟ್ ವಿಷಯ ಹೇಳಿದೆ. "ತಮ್ಮಾ, ನಂಬರ್ ಕೊಡೋದು ಏನ್ ದೊಡ್ಡ ಮಾತು. ಆ ನಂಬರಿನ ಮನಷ್ಯಾ ಹ್ಯಾಂಗ ಹಾನ ಅಂತ ಹೇಳ್ತದೇನು ನಿನ್ನ ಫೈಲು?" ಅಂದರು. ಇಲ್ಲ ಕಾಕಾ, ಹೇಳೋದಿಲ್ಲ. "ಮತ್ತ ರೊಕ್ಕಾ ಯಾತಕ್ಕ?"

ದಲಾಲನ ಪದ್ಧತಿ ಬಂಗಾರ ಅಂತ ಹೇಳುತ್ತಿಲ್ಲ. ಅವನ ತಲೆಯೊಳಗಿನ ಪಟ್ಟಿ ಅವನದೇ ಸೊತ್ತು. ಸಾಲ ಕೊಟ್ಟ ರೈತ ಬೇರೆ ಅಂಗಡಿಗೆ ಮಾಲು ಒಯ್ಯುವ ಹಾಗಿಲ್ಲ, ಅಂದರೆ ಆ ಡೇಟಾ ಎಕ್ಸ್‌ಪೋರ್ಟ್ ಆಗುವುದೇ ಇಲ್ಲ! ಆದರೂ ಪಟ್ಟಿಯಲ್ಲಿರುವವನಿಗೆ ತಾನು ಪಟ್ಟಿಯಲ್ಲಿದ್ದೇನೆ ಅಂತ ಗೊತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ.

ನ್ಯೂಯಾರ್ಕಿನ ಲೆಡ್ಜರುಗಳು

ಈ ತಲೆಯೊಳಗಿನ ಮಾಹಿತಿಯನ್ನು ಕಾಗದಕ್ಕಿಳಿಸಿ ದೊಡ್ಡ ಪ್ರಮಾಣದಲ್ಲಿ ಮಾರಿದವನು ಲೂಯಿಸ್ ಟಪ್ಪನ್. ಅಣ್ಣನ ಜೊತೆ ರೇಷ್ಮೆ ವ್ಯಾಪಾರದಲ್ಲಿದ್ದ. ಅಮೆರಿಕದ 1837ರ ಆರ್ಥಿಕ ಕುಸಿತದಲ್ಲಿ ಆ ವ್ಯಾಪಾರ ಮುಳುಗಿತು. ಸಾಲ ಪಡೆದವರು ದೂರದೂರಿನವರು, ಅವರ ಯೋಗ್ಯತೆ ಗೊತ್ತಿಲ್ಲ, ಅದೇ ಪೆಟ್ಟು. 1841ರಲ್ಲಿ ನ್ಯೂಯಾರ್ಕಿನಲ್ಲಿ ಮರ್ಕೆಂಟೈಲ್ ಏಜೆನ್ಸಿ ಶುರು ಮಾಡಿದ. ಊರೂರಿನಲ್ಲಿ ವರದಿಗಾರರು, ಹೆಚ್ಚಿನವರು ವಕೀಲರು. ಆ ಊರಿನ ವ್ಯಾಪಾರಿಗಳ ಬಗ್ಗೆ ಅವರು ಬರೆದು ಕಳಿಸುತ್ತಿದ್ದರು. ಇಂಥವನ ಅಂಗಡಿ ಹೇಗಿದೆ, ಕುಡಿಯುತ್ತಾನಾ, ಆಸ್ತಿ ಎಷ್ಟು ಅಂತ. ಮುಂದೆ ಅಮೆರಿಕದ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ ಕೂಡ ಈ ಏಜೆನ್ಸಿಗೆ ವರದಿ ಬರೆದವರಲ್ಲಿ ಒಬ್ಬ.

ಬಿಲ್ಲಿಂಗ್ ನೋಡಿ ಹೇಗಿತ್ತು: ವರ್ಷದ ಚಂದಾ, ಗಿರಾಕಿಯ ವ್ಯಾಪಾರ ದೊಡ್ಡದಾದಷ್ಟೂ ಚಂದಾ ಜಾಸ್ತಿ. ಇವತ್ತು ಸಾಫ್ಟ್‌ವೇರ್ ಕಂಪನಿಗಳು "ಎಂಟರ್‌ಪ್ರೈಸ್ ಪ್ಲಾನ್" ಅಂತ ಮಾಡುವುದೂ ಅದೇ. ಆದರೆ ಎಕ್ಸ್‌ಪೋರ್ಟ್ ಮಾತ್ರ ಇಲ್ಲ! ಚಂದಾದಾರ ಕಚೇರಿಗೆ ಬರಬೇಕು, ಗುಮಾಸ್ತ ದಪ್ಪ ಲೆಡ್ಜರಿನಿಂದ ಓದಿ ಹೇಳುತ್ತಾನೆ, ಕೇಳಿಸಿಕೊಂಡು ಹೋಗಬೇಕು. 1859ರಲ್ಲಿ ಏಜೆನ್ಸಿ ರಾಬರ್ಟ್ ಡನ್ ಕೈಗೆ ಬಂದಾಗ ಅಚ್ಚಾದ ಪುಸ್ತಕ ಬಂತು. ಆದರೂ ಅದನ್ನು ಮಾರುತ್ತಿರಲಿಲ್ಲ, ಎರವಲು ಕೊಡುತ್ತಿದ್ದರು. ಹೊಸ ಆವೃತ್ತಿ ಬಂದಾಗ ಹಳೆಯದನ್ನು ವಾಪಸ್ ಕೊಡಬೇಕು. ಅದೇ ಡನ್ ಕಂಪನಿ 1933ರಲ್ಲಿ ಪ್ರತಿಸ್ಪರ್ಧಿ ಬ್ರಾಡ್‌ಸ್ಟ್ರೀಟ್ ಜೊತೆ ಸೇರಿ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಆಯಿತು. ಹಳೆಯ ಲೆಡ್ಜರುಗಳು, ಎರಡೂವರೆ ಸಾವಿರಕ್ಕೂ ಹೆಚ್ಚು ಸಂಪುಟ, ಇವತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಗುಣಮಟ್ಟ? ಅಲ್ಲೇ ಎಡವಟ್ಟು. ಒಹಾಯೋ ರಾಜ್ಯದ ನಾರ್ವಾಕ್ ಊರಿನ ವ್ಯಾಪಾರಿಯೊಬ್ಬನ ಹೆಂಡತಿ ವಿಚ್ಛೇದನ ಕೇಳಲಿದ್ದಾಳೆ ಎಂಬ ಗಾಳಿಮಾತನ್ನು ವರದಿಗಾರ ಬರೆದು ಕಳಿಸಿದ. ಲೆಡ್ಜರಿನಲ್ಲಿ ದಾಖಲಾಯಿತು, ಚಂದಾದಾರರ ಕಿವಿಗೆ ಬಿತ್ತು, ಅವನಿಗೆ ಸಾಲ ಹುಟ್ಟಲಿಲ್ಲ. ಆತ ಮಾನನಷ್ಟದ ಕೇಸು ಹಾಕಿದ. ಅದು ಎಳೆದೂ ಎಳೆದೂ 1870ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. ತನ್ನ ಬಗ್ಗೆ ಏನು ಬರೆದಿದ್ದಾರೆ ಅಂತ ಆ ವ್ಯಾಪಾರಿಗೆ ಮೊದಲೇ ಓದಲು ಸಿಕ್ಕಿದ್ದರೆ? ಒಂದು ಸಾಲು ತಿದ್ದುವುದರಲ್ಲಿ ಮುಗಿಯುತ್ತಿತ್ತು.

ಬಿಳಿ ಹಾಳೆ, ಹಳದಿ ಹಾಳೆ

ನಮ್ಮ ದೇಶದಲ್ಲಿ ಅಚ್ಚಿನ ಪಟ್ಟಿಗಳನ್ನು ತಂದವರು ಕಲ್ಕತ್ತೆಯ ಪುಸ್ತಕ ವ್ಯಾಪಾರಿಗಳು. ಥ್ಯಾಕರ್, ಸ್ಪಿಂಕ್ ಕಂಪನಿಯ ಬಂಗಾಳದ ಡೈರೆಕ್ಟರಿ 1885ರಿಂದ ಇಡೀ ಇಂಡಿಯಾದ ಡೈರೆಕ್ಟರಿಯಾಯಿತು. ವಕೀಲರು, ವ್ಯಾಪಾರಿ ಸಂಸ್ಥೆಗಳು, ಅಧಿಕಾರಿಗಳು ಊರುವಾರು ಸಿಗುತ್ತಿದ್ದರು. ಕೊಂಡವನ ಕೈಯಲ್ಲಿ ಪುಸ್ತಕ ಪೂರ್ತಿ ಅವನದೇ. ಒಂದೇ ಸಲದ ಬೆಲೆ. ಆದರೆ ಪುಸ್ತಕ ಅಚ್ಚಾದ ದಿನದಿಂದಲೇ ಹಳಸತೊಡಗುತ್ತದೆ. ಮುಂದಿನ ವರ್ಷ ಇನ್ನೊಂದು ಕೊಳ್ಳಬೇಕು.

ಫೋನಿನ ಕಥೆ ಇನ್ನೂ ಸ್ವಾರಸ್ಯ. ಜಗತ್ತಿನ ಮೊದಲ ಟೆಲಿಫೋನ್ ಡೈರೆಕ್ಟರಿ 1878ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಬಂತು. ಒಂದೇ ಹಾಳೆ, ಐವತ್ತು ಹೆಸರು, ನಂಬರೇ ಇಲ್ಲ! ಹೆಸರು ಹೇಳಿದರೆ ಆಪರೇಟರ್ ಜೋಡಿಸುತ್ತಿದ್ದ. ಭಾರತದಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸಿನಲ್ಲಿ 1882ರ ಜನವರಿಯಲ್ಲಿ ಎಕ್ಸ್‌ಚೇಂಜ್ ಬಂದವು. ಹಳ್ಳಿಗಳಿಗೆ ಬರಲು ಇನ್ನೊಂದು ನೂರು ವರ್ಷ. ಇಲ್ಲಿ ಒಂದು ಹೆಮ್ಮೆಯ ಸಂಗತಿ: ಸಿ-ಡಾಟ್ ತಯಾರಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಆಮೇಲೆ ಇಂಥ ಚಿಕ್ಕ ಎಕ್ಸ್‌ಚೇಂಜುಗಳು ಊರೂರಿಗೆ ಹಬ್ಬಿದವು. ಎಸ್‌ಟಿಡಿ ಬೂತುಗಳ ಹಳದಿ ಬೋರ್ಡು ನೆನಪಿರುವವರಿಗೆ ಕೋಡುಗಳೂ ನೆನಪಿರಬಹುದು. ಕಲಬುರಗಿಗೆ 08472, ಜೇವರ್ಗಿಗೆ 08442, ಆಳಂದಕ್ಕೆ 08477, ಅಫಜಲಪುರಕ್ಕೆ 08470. ನಾಲ್ಕು ಊರು, ನಾಲ್ಕು ಬೀಗದ ಕೈ.

ಸರ್ಕಾರಿ ಡೈರೆಕ್ಟರಿಯ ಬಿಲ್ಲಿಂಗ್ ಸರಳ: ಫೋನಿದ್ದವರಿಗೆ ಪುಸ್ತಕ ಮನೆಗೆ ಬರುತ್ತಿತ್ತು. ಅದರ ಗುಣಮಟ್ಟದ ಗುಟ್ಟು ಕೂಡ ಇದರಲ್ಲೇ ಇದೆ ಅಂತ ನನ್ನ ಅನಿಸಿಕೆ. ಪಟ್ಟಿಯಲ್ಲಿದ್ದ ಪ್ರತಿಯೊಬ್ಬನ ಕೈಗೂ ಪಟ್ಟಿ ಬರುತ್ತಿತ್ತು. ಪುಸ್ತಕ ಬಂದ ತಕ್ಷಣ ಎಲ್ಲರೂ ಮೊದಲು ಹುಡುಕುವುದು ಸ್ವಂತ ಹೆಸರನ್ನೇ ತಾನೇ? ತಪ್ಪಿದ್ದರೆ ಜಗಳಕ್ಕೆ ಹೋಗುತ್ತಿದ್ದರು. ಸಾವಿರಾರು ಜನ ಪುಕ್ಕಟೆ ಪ್ರೂಫ್ ರೀಡರುಗಳು.

ಇನ್ನು ಹಳದಿ ಹಾಳೆ. ಮುಂಬಯಿ, ದಿಲ್ಲಿಯ ಮಹಾನಗರ ಟೆಲಿಫೋನ್ ನಿಗಮ 1987ರಿಂದ ಡೈರೆಕ್ಟರಿ ಅಚ್ಚು ಹಾಕುವ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟಿತು. ಬಿಳಿ ಹಾಳೆಯ ಜೊತೆ ಹಳದಿ ಹಾಳೆ ಸೇರಿಸಿ ಅದರಲ್ಲಿ ಜಾಹೀರಾತು ಹಾಕಿ ದುಡ್ಡು ಮಾಡಿಕೊಳ್ಳಿ ಅಂತ ಒಪ್ಪಂದ. ಅಷ್ಟರಲ್ಲಿ ಟಾಟಾ ಪ್ರೆಸ್ ತನ್ನದೇ ಹಳದಿ ಪುಟಗಳ ಪುಸ್ತಕ ತಂದಿತು. ವ್ಯಾಪಾರಿಗಳ ಜಾಹೀರಾತು, ವ್ಯಾಪಾರವಾರು ವಿಂಗಡಣೆ. ನಿಗಮ ಸಿಟ್ಟಾಯಿತು. ಟೆಲಿಫೋನ್ ಚಂದಾದಾರರ ಪಟ್ಟಿ ಪ್ರಕಟಿಸುವ ಹಕ್ಕು ನಿಯಮದ ಪ್ರಕಾರ ನಮ್ಮದೊಂದೇ ಅಂತ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟುಗಳನ್ನು ದಾಟಿ ಬಂದ ಕೇಸಿನಲ್ಲಿ ಸುಪ್ರೀಂ ಕೋರ್ಟು 1995ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಬಿಳಿ ಹಾಳೆಯಂಥ ಚಂದಾದಾರರ ಪಟ್ಟಿ ನಿಗಮದ ಅನುಮತಿ ಇಲ್ಲದೆ ಯಾರೂ ಹಾಕುವಂತಿಲ್ಲ. ಆದರೆ ವ್ಯಾಪಾರಿಗಳ ಜಾಹೀರಾತುಗಳ ಸಂಗ್ರಹ ಬೇರೆ. ಜಾಹೀರಾತು ಕೂಡ ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ಭಾಗ, ಅದನ್ನು ಕೇಳಿಸಿಕೊಳ್ಳುವ, ಓದುವ ಹಕ್ಕು ಜನರಿಗೂ ಇದೆ ಅಂತ.

ಕಾನೂನು ಓದುವವರು ಈ ಕೇಸನ್ನು ವಾಕ್ ಸ್ವಾತಂತ್ರ್ಯಕ್ಕಾಗಿ ಓದುತ್ತಾರೆ. ನಾನು ಡೇಟಾಬೇಸಿನವನ ಕಣ್ಣಿಂದ ಓದಿದಾಗ ಕಂಡದ್ದು ಬೇರೆ. ಬಿಳಿ ಹಾಳೆಯಲ್ಲಿರುವವನು ಫೋನ್ ತೆಗೆದುಕೊಂಡಿದ್ದಕ್ಕೆ ತಾನಾಗೇ ಪಟ್ಟಿಗೆ ಸೇರಿದವನು. ಹಳದಿ ಹಾಳೆಯವನು ನನ್ನ ಹೆಸರು ಹಾಕಿ ಅಂತ ದುಡ್ಡು ಕೊಟ್ಟು ಸೇರಿದವನು. ಒಪ್ಪಿಗೆಯ ಗೆರೆ ಎಲ್ಲಿದೆ ಅಂತ ಸುಪ್ರೀಂ ಕೋರ್ಟು ಬಣ್ಣದಲ್ಲೇ ತೋರಿಸಿದ ಹಾಗಿದೆ!

ಕಳ್ಳನನ್ನು ಹಿಡಿಯುವ ಸುಳ್ಳು ಹೆಸರು

ಇನ್ನೊಂದು ತಮಾಷೆ ಕೇಳಿ. ಪಟ್ಟಿ ಮಾಡುವವರು ಬೇಕಂತಲೇ ಒಂದೆರಡು ಸುಳ್ಳು ಹೆಸರು ಸೇರಿಸುತ್ತಾರೆ. ಬೇರೆಯವರು ಕದ್ದರೆ ಆ ಸುಳ್ಳು ಹೆಸರೂ ಅವರ ಪಟ್ಟಿಗೆ ಹೋಗುತ್ತದೆ, ಸಿಕ್ಕಿಬೀಳುತ್ತಾರೆ. ಅಮೆರಿಕದ ಕಾನ್ಸಾಸ್ ರಾಜ್ಯದ ರೂರಲ್ ಎಂಬ ಚಿಕ್ಕ ಟೆಲಿಫೋನ್ ಕಂಪನಿ ಹೀಗೆ ಮಾಡಿತ್ತು. ಫೈಸ್ಟ್ ಎಂಬ ಡೈರೆಕ್ಟರಿ ಕಂಪನಿ ಅದರ ಪಟ್ಟಿ ಎತ್ತಿಕೊಂಡಾಗ ನಾಲ್ಕು ಸುಳ್ಳು ಹೆಸರುಗಳೂ ಜೊತೆಗೆ ಹೋದವು. ಕಳ್ಳತನ ಸಾಬೀತು. ಆದರೆ 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದೇನು? ಹೆಸರು, ಊರು, ನಂಬರುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸುವುದರಲ್ಲಿ ಸೃಜನಶೀಲತೆ ಏನೂ ಇಲ್ಲ, ಕೇವಲ ಬೆವರು ಸುರಿಸಿದ್ದಕ್ಕೆ ಕಾಪಿರೈಟ್ ಇಲ್ಲ.

ನಮ್ಮ ದೇಶದಲ್ಲಿ? ಬರ್ಲಿಂಗ್ಟನ್ ಹೋಮ್ ಶಾಪಿಂಗ್ ಎಂಬ ಅಂಚೆ ಮೂಲಕ ಸಾಮಾನು ಮಾರುವ ಕಂಪನಿಯ ಗಿರಾಕಿಗಳ ಪಟ್ಟಿ ಕೆಲಸ ಬಿಟ್ಟುಹೋದವರೊಬ್ಬರ ಕೈ ಸೇರಿತ್ತು. ದಿಲ್ಲಿ ಹೈಕೋರ್ಟು 1995ರಲ್ಲಿ ಕಂಪನಿಯ ಪರವಾಗಿ ತಡೆಯಾಜ್ಞೆ ಕೊಟ್ಟು, ದುಡ್ಡು-ದುಡಿಮೆ ಹಾಕಿ ಕಟ್ಟಿದ ವಿಳಾಸಗಳ ಪಟ್ಟಿಗೂ ಕಾಪಿರೈಟ್ ಇದೆ ಅಂದಿತು. ಆಮೇಲೆ 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಬರೀ ಬೆವರು ಸಾಲದು, ಒಂದಿಷ್ಟಾದರೂ ಸೃಜನಶೀಲತೆ ಬೇಕು ಅಂತ ಹೇಳಿತು.

ಗಮನಿಸಿದಿರಾ? ಈ ಎಲ್ಲಾ ಜಗಳದಲ್ಲಿ ಪಟ್ಟಿ ಮಾಡಿದವನು ಇದ್ದಾನೆ, ಪಟ್ಟಿ ಕದ್ದವನು ಇದ್ದಾನೆ. ಪಟ್ಟಿಯಲ್ಲಿ ಹೆಸರಿರುವವನು ಎಲ್ಲೂ ಇಲ್ಲ!

ನೋಡುವವನಿಗೆ ಪುಕ್ಕಟೆ, ಕಾಣಿಸುವವನಿಗೆ ಬಿಲ್

1996ರಲ್ಲಿ ಎರಡು ಕಂಪನಿ ಹುಟ್ಟಿದವು. ಒಂದು ವಿ.ಎಸ್.ಎಸ್. ಮಣಿ ಅವರು ಮುಂಬಯಿಯಲ್ಲಿ ಶುರು ಮಾಡಿದ ಜಸ್ಟ್ ಡಯಲ್. ಫೋನ್ ಮಾಡಿ "ನಮ್ಮ ಏರಿಯಾದಲ್ಲಿ ಪ್ಲಂಬರ್ ಬೇಕು" ಅಂದರೆ ನಂಬರ್ ಹೇಳುತ್ತಿದ್ದರು. ಕೇಳುವವನಿಗೆ ಪುಕ್ಕಟೆ, ಪಟ್ಟಿಯಲ್ಲಿ ಮೇಲೆ ಬರಬೇಕೆನ್ನುವ ಅಂಗಡಿಯವನಿಗೆ ಬಿಲ್. ಇನ್ನೊಂದು ಇಂಡಿಯಾಮಾರ್ಟ್. ಅಲ್ಲಿ ಮಾರುವವರು ಚಂದಾ ಕೊಟ್ಟು, "ಇಂಥವರಿಗೆ ಇಷ್ಟು ಟನ್ ಬೇಳೆ ಬೇಕಂತೆ" ಎಂಬ ಕೊಳ್ಳುವವರ ವಿಚಾರಣೆಗಳನ್ನು ಪಡೆಯುತ್ತಾರೆ. ಜಸ್ಟ್ ಡಯಲ್ 2013ರಲ್ಲಿ ಶೇರು ಮಾರುಕಟ್ಟೆಗೆ ಬಂತು, 2021ರಲ್ಲಿ ರಿಲಯನ್ಸ್ ರಿಟೇಲ್ ಕೈಗೆ ಹೋಯಿತು. ಇಂಡಿಯಾಮಾರ್ಟ್ ಶೇರು ಮಾರುಕಟ್ಟೆಗೆ ಬಂದದ್ದು 2019ರಲ್ಲಿ.

ಎರಡರ ಬಿಲ್ಲೂ ಹಳದಿ ಹಾಳೆಯ ಮಕ್ಕಳು. ದುಡ್ಡು ಕೊಡುವವನು ಪಟ್ಟಿಯಲ್ಲಿರುವವನೇ ಆದ್ದರಿಂದ ತನ್ನ ನಂಬರ್ ಸರಿಯಿರಬೇಕು ಅಂತ ಅವನಿಗೇ ಕಾಳಜಿ. ಆದರೆ ಇಲ್ಲಿ ಇನ್ನೊಂದು ರೋಗ ಇದೆ. ದುಡ್ಡು ಕೊಟ್ಟವನು ಮೇಲೆ ಬರುತ್ತಾನೆ, ಒಳ್ಳೆಯವನು ಕೆಳಗಿರಬಹುದು. ನಮ್ಮ ಕಾಕಾನ "ಮನಷ್ಯಾ ಹ್ಯಾಂಗ ಹಾನ" ಪ್ರಶ್ನೆಗೆ ಉತ್ತರ ಇಲ್ಲೂ ಇಲ್ಲ.

ಪೂರ್ತಿ ಬೇರೆ ದಾರಿ ಹಿಡಿದದ್ದು ಅಮೆರಿಕದ ಜಿಗ್‌ಸಾ, 2004ರಲ್ಲಿ. ನಿಮ್ಮ ಹತ್ತಿರ ಇರುವ ವಿಸಿಟಿಂಗ್ ಕಾರ್ಡುಗಳ ಮಾಹಿತಿ ಹಾಕಿ, ಅಂಕ ಪಡೆಯಿರಿ, ಆ ಅಂಕ ಕೊಟ್ಟು ಬೇರೆಯವರು ಹಾಕಿದ ಕಾರ್ಡುಗಳನ್ನು ತೆಗೆದುಕೊಳ್ಳಿ. ತಪ್ಪು ಮಾಹಿತಿ ಹಾಕಿದರೆ ಅಂಕ ಕಟ್! ಎಂಜಿನಿಯರ್ ಆಗಿ ಈ ವಿನ್ಯಾಸಕ್ಕೆ ಟೋಪಿ ತೆಗೆಯಬೇಕು ಅನಿಸುತ್ತದೆ. ಮನುಷ್ಯನಾಗಿ ಬೆನ್ನಲ್ಲಿ ಚಳಿ. ನಂಬಿ ಕೊಟ್ಟ ಕಾರ್ಡು ನನಗೆ ಗೊತ್ತಿಲ್ಲದೆ ಯಾರದೋ ಅಂಕವಾಗಿ ಹೋಗುತ್ತದಲ್ಲ! 2010ರಲ್ಲಿ ಸೇಲ್ಸ್‌ಫೋರ್ಸ್ ಇದನ್ನು ಸುಮಾರು 14 ಕೋಟಿ 20 ಲಕ್ಷ ಡಾಲರಿಗೆ ಕೊಂಡಿತು, ಡೇಟಾ.ಕಾಮ್ ಅಂತ ಹೆಸರಿಟ್ಟಿತು, 2020ರ ಹೊತ್ತಿಗೆ ಮುಚ್ಚಿತು. ಈಗ ಆ ಜಾಗದಲ್ಲಿ ಝೂಮ್‌ಇನ್ಫೋದಂಥವರು ಇದ್ದಾರೆ. 2019ರಲ್ಲಿ ಡಿಸ್ಕವರ್‌ಆರ್ಗ್ ಎಂಬ ಕಂಪನಿ ಅದನ್ನು ಕೊಂಡು ಅದರದ್ದೇ ಹೆಸರು ಇಟ್ಟುಕೊಂಡಿತು, 2020ರ ಜೂನಿನಲ್ಲಿ ಶೇರು ಮಾರುಕಟ್ಟೆಗೆ ಬಂತು.

ಜೇವರ್ಗಿ ಎಷ್ಟು ಜೇವರ್ಗಿ?

ಈಗ ನಮ್ಮ ಫೈಲಿಗೆ ವಾಪಸ್ ಬರೋಣ. ಒಂದೇ ಮಿಲ್ಲು ಮೂರು ಸಲ ಯಾಕೆ ಬಂತು? ಇದಕ್ಕೂ ಇತಿಹಾಸವೇ ಕಾರಣ.

ನಮ್ಮ ಭಾಗ 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಸರ್ಕಾರಿ ಭಾಷೆ ಉರ್ದು. ಉರ್ದುವಿನ ವಾವ್ ಎಂಬ ಒಂದೇ ಅಕ್ಷರ ಇಂಗ್ಲಿಷಿನ ವಿ ಆಗಬಹುದು, ಡಬ್ಲ್ಯೂ ಕೂಡ ಆಗಬಹುದು. ಹಾಗಾಗಿ ಜೇವರ್ಗಿಗೆ ಇಂಗ್ಲಿಷಿನಲ್ಲಿ ಎರಡೂ ಸ್ಪೆಲ್ಲಿಂಗ್ ಓಡಾಡುತ್ತವೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿ ಆಯಿತು. ನಡುವೆ 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಆಮೇಲೆ ಜೇವರ್ಗಿ ತಾಲ್ಲೂಕಿನಿಂದ ಯಡ್ರಾಮಿ ಬೇರೆಯಾಯಿತು. ಮನೆ ಕದಲಲಿಲ್ಲ, ಅಂಗಡಿ ಕದಲಲಿಲ್ಲ, ವಿಳಾಸ ಮಾತ್ರ ಊರೂರು ತಿರುಗಿತು!

ಇಂಥ ಸ್ಪೆಲ್ಲಿಂಗ್ ಗೊಂದಲಕ್ಕೆ ಸೌಂಡೆಕ್ಸ್ ಅಂತ ಒಂದು ಹಳೇ ಉಪಾಯ ಇದೆ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದದ್ದು, ಇವತ್ತಿಗೂ ಬಹಳಷ್ಟು ಡೇಟಾಬೇಸುಗಳಲ್ಲಿದೆ. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕೆ ಕೊಡುತ್ತದೆ. ಒಂದೇ ಥರ ಕೇಳಿಸುವ ಹೆಸರುಗಳಿಗೆ ಒಂದೇ ಕೋಡು ಬರಬೇಕು. ನಮ್ಮೂರುಗಳ ಮೇಲೆ ಹಾಕಿ ನೋಡಿದೆ.

ಜೇವರ್ಗಿಯನ್ನು ವಿ ಹಾಕಿ ಬರೆದರೆ ಜೆ-162. ಡಬ್ಲ್ಯೂ ಹಾಕಿ ಬರೆದರೆ ಜೆ-620. ಯಾಕಂದ್ರೆ ಸೌಂಡೆಕ್ಸ್ ವಿ ಅಕ್ಷರಕ್ಕೆ 1 ಕೊಡುತ್ತದೆ, ಡಬ್ಲ್ಯೂವನ್ನು ಎಸೆದುಬಿಡುತ್ತದೆ. ಒಂದೇ ಊರು ಎರಡಾಯಿತು.

ಗುಲ್ಬರ್ಗ ಜಿ-416, ಕಲಬುರಗಿ ಕೆ-416. ಅಂಕೆಗಳು ಅವಳಿ ಜವಳಿ, ಮೊದಲ ಅಕ್ಷರ ಬೇರೆಯಾದ್ದರಿಂದ ನೆಂಟಸ್ತನ ಇಲ್ಲ.

ಕೊಳಕೂರ ಹೇಗೆ ಬರೆದರೂ ಕೆ-426, ಶಭಾಶ್. ಆದರೆ ಕಲಕೇರಿ ಕೂಡ ಕೆ-426! ಕೊಳಕೂರದ ಗೊಬ್ಬರದ ಅಂಗಡಿ ಕಲಕೇರಿಗೆ ವರ್ಗಾವಣೆ :-)

ಕನ್ನಡದಲ್ಲೇ ಬರೆದಿಟ್ಟಿದ್ದರೆ ಈ ಗೊಂದಲದ ಮುಕ್ಕಾಲು ಪಾಲು ಇರುತ್ತಿರಲಿಲ್ಲ. ಕನ್ನಡದಲ್ಲಿ ಳ ಳವೇ, ಲ ಲವೇ. ಈ ಸೇವೆಗಳಿಗೆ ನಮ್ಮ ಊರುಗಳ ಹೆಸರು ಇಂಗ್ಲಿಷಿನ ಕಿಟಕಿಯಿಂದ ಮಾತ್ರ ಗೊತ್ತು. ಹೀಗಿರುವಾಗ ಹೆಸರಿಗಿಂತ ನಂಬಬೇಕಾದದ್ದು ಅಂಕೆಗಳನ್ನು. 1972ರ ಆಗಸ್ಟ್ 15ರಂದು ಶುರುವಾದ ಪಿನ್‌ಕೋಡ್ ಇದಕ್ಕೆ ದೊಡ್ಡ ಸಹಾಯ. ಜೇವರ್ಗಿ 585310, ಆಳಂದ 585302, ಅಫಜಲಪುರ 585301. ಫಿನ್‌ಲೆಂಡಿನ ಆಳಂದಕ್ಕೆ 585302 ಸಿಗುವುದಿಲ್ಲವಲ್ಲ! 2017ರ ಜುಲೈ 1ರಿಂದ ಬಂದ ಜಿಎಸ್‌ಟಿಯ 15 ಅಕ್ಷರಗಳ ಸಂಖ್ಯೆ ಇನ್ನೂ ಗಟ್ಟಿ. ಮೊದಲೆರಡು ಅಂಕೆ 29 ಅಂದರೆ ಕರ್ನಾಟಕ, ನಂತರದ ಹತ್ತು ಪ್ಯಾನ್. ಆ ಸಂಖ್ಯೆ ಇಲ್ಲದ ಚಿಕ್ಕ ಅಂಗಡಿಗಳಿಗೆ ಮಾತ್ರ ಹಳೆಯ ಪಾಡೇ ಗತಿ.

ಹದಿನೈದು ರೂಪಾಯಿಯ ಪಾಠ

ಹಾಗಾದರೆ ಒಳ್ಳೆಯ ಡೇಟಾ, ಪ್ರಾಮಾಣಿಕ ಬಿಲ್ ಎರಡೂ ಒಟ್ಟಿಗೆ ಇದ್ದ ಉದಾಹರಣೆ ಇಲ್ಲವೇ? ಇದೆ, ನಮ್ಮ ರಾಜ್ಯದಲ್ಲೇ. ವ್ಯಾಪಾರದ್ದಲ್ಲ, ಹೊಲದ್ದು. ಭೂಮಿ ಯೋಜನೆ.

ಅದಕ್ಕಿಂತ ಮುಂಚೆ ಪಹಣಿಗಳು ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಬರೆದದ್ದು ಏನು ಅಂತ ರೈತನಿಗೆ ಕಾಣುತ್ತಿರಲಿಲ್ಲ, ಕಾಣಬೇಕಾದರೆ ಕೈ ಬೆಚ್ಚಗೆ ಮಾಡಬೇಕಿತ್ತು. 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ನನಗೆ ತುಂಬಾ ಹಿಡಿಸಿದ ಸಂಗತಿ ಏನು ಗೊತ್ತಾ? ಆ ಕಿಟಕಿಯಲ್ಲಿ ಎರಡು ಪರದೆ ಇದ್ದವು. ಒಂದು ಸಿಬ್ಬಂದಿಗೆ, ಇನ್ನೊಂದು ರೈತನ ಕಡೆ ತಿರುಗಿಸಿಟ್ಟದ್ದು. ತನ್ನ ಹೆಸರಿನ ಮುಂದೆ ಏನು ಮೂಡುತ್ತಿದೆ ಅಂತ ಅವನೇ ನೋಡಬಹುದು, ತಪ್ಪಿದ್ದರೆ ಅರ್ಜಿ ಕೊಡಬಹುದು. ಒಂದು ದಾಖಲೆಗೆ ಇಷ್ಟು ಅಂತ ಬೆಲೆ, ಅದು ಬೋರ್ಡಿನ ಮೇಲೆ. ಭೂಮಿಯಲ್ಲಿ ಲೋಪ ಇಲ್ಲ ಅಂತ ಅಲ್ಲ. ತಲೆತಲಾಂತರದಿಂದ ಖಾತೆ ಬದಲಾಗದ ಹೊಲಗಳ ಗೋಳು ಹಾಗೇ ಇದೆ, ಹಳೆಯ ತಪ್ಪುಗಳೂ ಕೆಲವು ಹಾಗೇ ಕಂಪ್ಯೂಟರಿಗೆ ಬಂದವು. ಆದರೆ ಆ ಎರಡನೇ ಪರದೆ ಇದೆಯಲ್ಲ, ಟಪ್ಪನ್ ಲೆಡ್ಜರಿಗೂ ಇಲ್ಲ, ಇವತ್ತಿನ ಎಕ್ಸ್‌ಪೋರ್ಟ್ ಸೇವೆಗಳಿಗೂ ಇಲ್ಲ.

ಹೋಲಿಸುವವರಿಗೆ ನಾಲ್ಕು ಮಾತು

ನಿಮ್ಮಲ್ಲೂ ಕೆಲವರಿಗೆ ಇಂಥ ಕೆಲಸ ಬೀಳಬಹುದು. ನಾನು ಈ ಇತಿಹಾಸದಿಂದ ಕಲಿತು ವರದಿಯಲ್ಲಿ ಹಾಕಿದ್ದು ಇಷ್ಟು.

ಮೊದಲನೆಯದು, ಸಾಲಿನ ಬೆಲೆ ನೋಡಬೇಡಿ, ಕೆಲಸಕ್ಕೆ ಬಂದ ಸಾಲಿನ ಬೆಲೆ ನೋಡಿ. ಉದಾಹರಣೆಗೆ ಒಬ್ಬ 5 ರೂಪಾಯಿಯಂತೆ 1000 ಸಾಲು ಕೊಟ್ಟ, ಅದರಲ್ಲಿ 600 ಸರಿ. ನಿಜವಾದ ಬೆಲೆ 8 ರೂಪಾಯಿ 33 ಪೈಸೆ. ಇನ್ನೊಬ್ಬ 7 ರೂಪಾಯಿಯಂತೆ ಕೊಟ್ಟ 1000ದಲ್ಲಿ 900 ಸರಿ. ಅವನದು 7 ರೂಪಾಯಿ 78 ಪೈಸೆ. ದುಬಾರಿಯವನೇ ಅಗ್ಗ!

ಎರಡನೆಯದು, ಒಂದೇ ಅಂಗಡಿ ಮೂರು ಸಲ ಬಂದರೆ ಬಿಲ್ ಎಷ್ಟು ಸಲ? ಮೊದಲೇ ಕೇಳಿ. ಹಾಗೆಯೇ ನೋಡುವುದಕ್ಕೆ ಬೇರೆ ಲೆಕ್ಕ, ಇಳಿಸಿಕೊಳ್ಳುವುದಕ್ಕೆ ಬೇರೆ ಲೆಕ್ಕ ಇರುತ್ತದೆಯೇ, ತಿಂಗಳ ಕೊನೆಗೆ ಉಳಿದ ಕ್ರೆಡಿಟ್ ಸತ್ತುಹೋಗುತ್ತದೆಯೇ, ಸತ್ತ ನಂಬರಿಗೆ ದುಡ್ಡು ವಾಪಸ್ ಬರುತ್ತದೆಯೇ. ದಲಾಲ ಸುಳ್ಳು ಹೆಸರಿಗೆ ಕಮಿಷನ್ ಕೇಳುತ್ತಿರಲಿಲ್ಲ, ಇವರು ಯಾಕೆ ಕೇಳಬೇಕು?

ಮೂರನೆಯದು, ಪರೀಕ್ಷೆಗೆ ಬೆಂಗಳೂರಿನ ಕೋರಮಂಗಲ ಕೊಡಬೇಡಿ, ಅಲ್ಲಿ ಎಲ್ಲರೂ ಪಾಸು. ಜೇವರ್ಗಿ ಕೊಡಿ, ಯಡ್ರಾಮಿ ಕೊಡಿ. ನಿಮಗೆ ಗೊತ್ತಿರುವ ಊರಿನ ಗೊತ್ತಿರುವ ಅಂಗಡಿಗಳ ಹೆಸರು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು ಹೋಲಿಸಿ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು. ಈ ಸಾಲು ಎಲ್ಲಿಂದ ಬಂತು, ಆ ಮನುಷ್ಯ ಬೇಡ ಅಂದರೆ ತೆಗೆಯುವ ದಾರಿ ಇದೆಯೇ ಅಂತ ಕೇಳಿ.

ಯಾಕೆ ದೊಡ್ಡದು ಅಂದ್ರೆ, ನಮ್ಮ ಕಡೆ ಅಂಗಡಿಯ ನಂಬರ್ ಬೇರೆ, ಮನೆಯ ನಂಬರ್ ಬೇರೆ ಅಂತ ಇಲ್ಲ. ಸಾವಕಾರರ ಜೇಬಿನಲ್ಲಿರುವ ಒಂದೇ ಮೊಬೈಲಿಗೆ ಮಿಲ್ಲಿನ ಗಿರಾಕಿಯೂ ಫೋನ್ ಮಾಡುತ್ತಾನೆ, ಮಗಳೂ ಮಾಡುತ್ತಾಳೆ, ಬ್ಯಾಂಕಿನವರ ಓಟಿಪಿಯೂ ಅಲ್ಲಿಗೇ ಬರುತ್ತದೆ. "ಬಿಸಿನೆಸ್ ಕಾಂಟ್ಯಾಕ್ಟ್" ಅಂತ ಮಾರಾಟವಾಗುವುದು ಒಂದು ಮನೆಯ ಬಾಗಿಲು. ಕಾಟ ಕೊಡುವ ಮಾರಾಟದ ಕರೆಗಳನ್ನು ತಡೆಯಲು 2007ರಲ್ಲಿ ಕರೆ-ಬೇಡ ನೋಂದಣಿ ಬಂತು, 2011ರ ಸೆಪ್ಟೆಂಬರಿನಲ್ಲಿ ಇನ್ನೂ ಬಿಗಿ ನಿಯಮ ಜಾರಿಯಾಯಿತು, 2018ರಲ್ಲಿ ಮತ್ತೊಮ್ಮೆ ಬದಲಾಯಿತು. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಬಂತು, ಅದರಲ್ಲಿ ದಂಡ 250 ಕೋಟಿ ರೂಪಾಯಿ ತನಕ. ಆದರೆ ಮನುಷ್ಯ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ನಂಬರ್? ಅದು ಸಾರ್ವಜನಿಕ ಅಂತಲೇ ವಾದ ಮಾಡುತ್ತಾರೆ. ಬೋರ್ಡು ಬರೆಸಿದ್ದು ಆ ಬೀದಿಯಲ್ಲಿ ಓಡಾಡುವ ಗಿರಾಕಿಗೆ, ಇಡೀ ಜಗತ್ತಿನ ಸೇಲ್ಸ್ ತಂಡಗಳಿಗೆ ಅಲ್ಲ ಎಂಬ ವ್ಯತ್ಯಾಸ ನಮ್ಮ ಕಾಕಾನಿಗೆ ತಿಳಿಯುತ್ತದೆ. ಫೈಲಿಗೆ ತಿಳಿಯಬೇಕಾದರೆ ನಮ್ಮಂಥವರು ಅದನ್ನು ಪ್ರೋಗ್ರಾಮಿನಲ್ಲಿ ಬರೆಯಬೇಕು.

ಅದಕ್ಕೇ ನಮ್ಮ ಹಾಳೆಗೆ ನಾನು ಮೂರನೇ ಅಂಕಣ ಸೇರಿಸಿದೆ: "ಪಟ್ಟಿಯಲ್ಲಿರುವವರಿಗೆ ಪಟ್ಟಿ ಕಾಣುತ್ತದೆಯೇ?" ಮೂರಕ್ಕೂ ಉತ್ತರ "ಇಲ್ಲ" ಅಂತಲೇ ತುಂಬಬೇಕಾಯಿತು. ಮ್ಯಾನೇಜರ್ ಇದು ಯಾಕೆ ಅಂತ ಕೇಳಿದರು, ಇದೇ ಕಥೆ ಚಿಕ್ಕದಾಗಿ ಹೇಳಿದೆ. ಅಂಕಣ ಉಳಿದಿದೆ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಗುಲ್ಬರ್ಗ, ಬಿಜಾಪುರ, ರಾಯಚೂರು ಕಡೆಯ ಟೆಲಿಫೋನ್ ಡೈರೆಕ್ಟರಿಗಳಿದ್ದರೆ ರದ್ದಿಗೆ ಹಾಕಬೇಡಿ. ಯಾವ ಊರಿನಲ್ಲಿ ಎಷ್ಟು ಫೋನ್ ಇತ್ತು, ಯಾವ ಬೀದಿಯಲ್ಲಿ ಯಾವ ವ್ಯಾಪಾರ ಇತ್ತು ಅಂತ ಹೇಳುವ ಪುಸ್ತಕ ನಮ್ಮ ಕಡೆ ಬೇರೆ ಹೆಚ್ಚೇನೂ ಇಲ್ಲ. ಆ ನಂಬರುಗಳು ಈಗ ಯಾರಿಗೂ ಹೋಗುವುದಿಲ್ಲ, ಹಾಗಾಗಿ ಯಾರಿಗೂ ತೊಂದರೆಯಿಲ್ಲ. ಆದರೆ ಊರಿನ ಚರಿತ್ರೆ ಅದರಲ್ಲಿ ಅಕ್ಷರಮಾಲೆಯ ಕ್ರಮದಲ್ಲಿ ಕೂತಿದೆ.

ಮತ್ತೆ ಸಿಗೋಣ.